ನಿಮಿಷ ಎಣಿಸುವುದೋ, ಜಾಗ ಗೊತ್ತುಮಾಡುವುದೋ: ಮಕ್ಕಳ ಮೊಬೈಲ್ ಅಭ್ಯಾಸಕ್ಕೆ ಮುಂಬಯಿಯ ಮನೆಗಳಲ್ಲಿ ಇರುವ ದಾರಿಗಳ ಹೋಲಿಕೆ

ಮುಂಬಯಿಯಲ್ಲಿ ಕನ್ನಡಿಗರ ಯಾವುದೇ ಸಮಾರಂಭಕ್ಕೆ ಹೋದರೂ, ಊಟದ ಸಾಲಿನಲ್ಲಿ ನಿಂತ ತಾಯಂದಿರ ನಡುವೆ ಒಂದು ಪ್ರಶ್ನೆ ಬಂದೇ ಬರುತ್ತದೆ: "ನಿಮ್ಮ ಮಗುವಿಗೆ ದಿನಕ್ಕೆ ಎಷ್ಟು ಹೊತ್ತು ಮೊಬೈಲ್ ಕೊಡುತ್ತೀರಿ?" ಒಬ್ಬರು ಅರ್ಧ ಗಂಟೆ ಎನ್ನುತ್ತಾರೆ, ಇನ್ನೊಬ್ಬರು ಭಾನುವಾರ ಮಾತ್ರ ಎನ್ನುತ್ತಾರೆ, ಮತ್ತೊಬ್ಬರು ಏನೂ ಹೇಳದೆ ಸುಮ್ಮನಾಗುತ್ತಾರೆ. ಹದಿನಾಲ್ಕು ವರ್ಷದ ಮಗಳನ್ನೂ ಆರು ವರ್ಷದ ಮಗನನ್ನೂ ಡೊಂಬಿವಲಿಯ ಒಂದು ಒನ್ ಬಿಎಚ್‌ಕೆ ಮನೆಯಲ್ಲಿ ಬೆಳೆಸುತ್ತಿರುವ ನಾನೂ ಹಲವು ವರ್ಷ ಈ ಪ್ರಶ್ನೆಗೇ ಉತ್ತರ ಹುಡುಕಿದೆ. ಎಷ್ಟು ಹೊತ್ತು ಎಂಬುದು ಎರಡನೆಯ ಪ್ರಶ್ನೆ, ಮೊಬೈಲ್ ಮನೆಯಲ್ಲಿ ಎಲ್ಲಿರುತ್ತದೆ ಮತ್ತು ಯಾವ ಹೊತ್ತಿನಲ್ಲಿ ಯಾರ ಕೈಯಲ್ಲಿರುತ್ತದೆ ಎಂಬುದೇ ಮೊದಲನೆಯದು ಎಂದು ಈಗ ನನಗೆ ಖಚಿತವಾಗಿದೆ. ಆ ನಂಬಿಕೆಯನ್ನು ಇಟ್ಟುಕೊಂಡೇ ಇಲ್ಲಿ ಬೇರೆ ಬೇರೆ ದಾರಿಗಳನ್ನು ಹೋಲಿಸುತ್ತಿದ್ದೇನೆ.

ನಮ್ಮ ನಗರದ ಬದುಕಿನ ರೀತಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಸಲಹೆ ನಮಗೆ ಉಪಯೋಗಕ್ಕೆ ಬರುವುದಿಲ್ಲ. ಬೆಳಿಗ್ಗೆ ಏಳರ ಲೋಕಲ್ ಹಿಡಿದ ತಂದೆ ರಾತ್ರಿ ಎಂಟೂವರೆಗೆ ಮನೆ ಸೇರುತ್ತಾರೆ. ಹೋಟೆಲ್ ವ್ಯವಹಾರದವರಾದರೆ ಹನ್ನೊಂದಾಗುವುದೂ ಉಂಟು. ತಾಯಿಯೂ ಕೆಲಸಕ್ಕೆ ಹೋಗುವ ಮನೆಯಲ್ಲಿ ಶಾಲೆಯಿಂದ ಬಂದ ಮಕ್ಕಳನ್ನು ನೋಡಿಕೊಳ್ಳುವವರು ಅಜ್ಜ ಅಜ್ಜಿ ಅಥವಾ ಪಕ್ಕದ ಮನೆಯವರು. ಓದಲು ಪ್ರತ್ಯೇಕ ಕೋಣೆ ಇರುವುದಿಲ್ಲ, ಹಾಲ್‌ನಲ್ಲಿಯೇ ಟಿವಿ, ಊಟ, ಓದು, ರಾತ್ರಿಯ ಹಾಸಿಗೆ ಎಲ್ಲವೂ ಆಗಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಬೇರೆ. ಇಂಥ ಮನೆಯಲ್ಲಿ ಮಗುವಿನ ಕೈಗೆ ಮೊಬೈಲ್ ಸೇರುವುದು ತಂದೆತಾಯಿಯ ಉದಾಸೀನದಿಂದಲೇ ಎಂದು ಹೇಳುವುದು ಅನ್ಯಾಯವಾಗುತ್ತದೆ.

ವೈದ್ಯರ ಲೆಕ್ಕ

ಗೊತ್ತಿರಬೇಕಾದ ಅಂಕಿಗಳು ಹೆಚ್ಚಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಐದು ವರ್ಷದೊಳಗಿನ ಮಕ್ಕಳಿಗಾಗಿ ಪ್ರಕಟಿಸಿದ ಮಾರ್ಗಸೂಚಿಯ ಪ್ರಕಾರ, ವರ್ಷ ತುಂಬದ ಮಗುವಿಗೆ ಟಿವಿ, ಮೊಬೈಲಿನಂಥ ಪರದೆ ಬೇಡ, ಒಂದು ವರ್ಷದ ಮಗುವಿಗೂ ಬೇಡ. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಅದಕ್ಕಿಂತ ಕಡಿಮೆಯಾದಷ್ಟೂ ಒಳ್ಳೆಯದು. ನಮ್ಮ ದೇಶದ ಮಕ್ಕಳ ತಜ್ಞರ ಸಂಘಟನೆಯಾದ ಇಂಡಿಯನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ ಕೂಡ ಎರಡು ವರ್ಷದವರೆಗೆ ಪರದೆಯೇ ಬೇಡವೆಂದು ಹೇಳಿ, ಬಂಧುಗಳೊಡನೆ ಆಗೊಮ್ಮೆ ಈಗೊಮ್ಮೆ ಮಾಡುವ ವಿಡಿಯೊ ಕರೆಗೆ ಮಾತ್ರ ವಿನಾಯಿತಿ ಕೊಟ್ಟಿದೆ. ಆದ್ದರಿಂದ ಕುಂದಾಪುರದಲ್ಲಿರುವ ಅಜ್ಜಿಗೆ ಮೊಮ್ಮಗುವಿನ ಮುಖ ತೋರಿಸಲು ಯಾರೂ ಹಿಂಜರಿಯಬೇಕಾಗಿಲ್ಲ. ಐದು ವರ್ಷದವರೆಗೆ ದೊಡ್ಡವರ ಜೊತೆಯಲ್ಲಿ ಒಂದು ಗಂಟೆ, ಐದರಿಂದ ಹತ್ತು ವರ್ಷದವರಿಗೆ ಎರಡು ಗಂಟೆಗಿಂತ ಕಡಿಮೆ ಎಂಬುದು ಅದರ ಸಲಹೆ. ಹತ್ತು ದಾಟಿದವರಿಗೆ ಇಷ್ಟೇ ಗಂಟೆ ಎಂದು ಹೇಳದೆ, ನಿದ್ರೆ, ಓದು, ಆಟ, ಮನೆಯವರೊಡನೆ ಮಾತುಕತೆ ಇವುಗಳಿಗೆ ಕುಂದು ಬಾರದಂತೆ ಹೊಂದಿಸಿಕೊಳ್ಳಬೇಕು ಎಂದಿದೆ.

ಹೊಂದಿಸಿಕೊಳ್ಳುವುದು ಎಂದರೇನು ಎಂಬುದನ್ನು ನಾನು ಮಗಳ ಜೊತೆ ಕುಳಿತು ಕಾಗದದ ಮೇಲೆ ಕೂಡಿ ನೋಡಿದೆ. ಹದಿಮೂರರಿಂದ ಹದಿನೆಂಟು ವರ್ಷದವರಿಗೆ ಎಂಟರಿಂದ ಹತ್ತು ಗಂಟೆ ನಿದ್ರೆ ಬೇಕು ಎನ್ನುತ್ತಾರೆ. ಒಂಬತ್ತು ಎಂದು ಬರೆದೆವು. ಶಾಲೆಗೆ ಆರು, ಹೋಗಿಬರಲು ಒಂದು, ಟ್ಯೂಷನ್ ಕ್ಲಾಸ್ ಮತ್ತು ಮನೆಯ ಓದು ಸೇರಿ ನಾಲ್ಕು, ಮೈದಣಿಯುವ ಆಟಕ್ಕೆ ಒಂದು, ಸ್ನಾನ ಊಟ ತಿಂಡಿಗೆ ಎರಡು. ಕೂಡಿದಾಗ ಇಪ್ಪತ್ತಮೂರು ಬಂತು. ಉಳಿದದ್ದು ಒಂದು ಗಂಟೆ. ಆ ಒಂದು ಗಂಟೆಯನ್ನು ನಾನು ಹೇಳಿರಲಿಲ್ಲ, ಅವಳ ಕೈಬರಹದ ಲೆಕ್ಕವೇ ಹೇಳಿತು. ಹದಿಹರೆಯದವರಿರುವ ಮನೆಯಲ್ಲಿ ಮೊದಲು ಮಾಡಬೇಕಾದ ಕೆಲಸ ಇದು ಎಂದು ನಾನು ಭಾವಿಸುತ್ತೇನೆ, ಏಕೆಂದರೆ ಮೊಬೈಲಿಗೆ ಹೋಗುವ ಹೆಚ್ಚಿನ ಸಮಯ ನಿದ್ರೆಯ ಅಥವಾ ಆಟದ ಖಾತೆಯಿಂದಲೇ ಹೋಗುತ್ತಿದೆ ಎಂಬುದು ಆಗ ಮಕ್ಕಳಿಗೇ ಕಾಣುತ್ತದೆ.

ಸಮಯದ ಮಿತಿ ಮತ್ತು ಜಾಗದ ಮಿತಿ

ದಿನಕ್ಕೆ ಇಷ್ಟು ನಿಮಿಷ ಎಂಬ ನಿಯಮದ ಗುಣ ಅದರ ಸ್ಪಷ್ಟತೆ. ಚಿಕ್ಕ ಮಕ್ಕಳಿಗೆ ಗಡಿಯಾರದ ಮುಳ್ಳು ತೋರಿಸಿ ಹೇಳಬಹುದು, ಆ್ಯಪ್‌ಗೆ ಒಪ್ಪಿಸಬಹುದು, ಅಜ್ಜಿಗೂ ತಿಳಿಸಿ ಹೋಗಬಹುದು. ಆದರೆ ಅದನ್ನು ಕಾಯಲು ಯಾರಾದರೂ ಮನೆಯಲ್ಲಿರಲೇಬೇಕು. ಶಾಲೆಯ ಹೋಮ್‌ವರ್ಕ್ ವಾಟ್ಸ್ಆ್ಯಪ್ ಗುಂಪಿನಲ್ಲಿ ಬರುವ ಈ ದಿನಗಳಲ್ಲಿ ಯಾವ ನಿಮಿಷ ಓದಿಗೆ ಹೋಯಿತು, ಯಾವುದು ರೀಲ್ಸ್‌ಗೆ ಹೋಯಿತು ಎಂದು ಬಿಡಿಸುವುದೂ ಸುಲಭವಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ಪ್ರತಿದಿನವೂ "ಅಮ್ಮ, ಇನ್ನೈದೇ ನಿಮಿಷ" ಎಂಬ ಚೌಕಾಸಿ ನಡೆಯುತ್ತದೆ. ದಿನವಿಡೀ ದುಡಿದು, ಲೋಕಲ್‌ನಲ್ಲಿ ನಿಂತು ಬಂದ ತಾಯಿ ಆ ಚೌಕಾಸಿಯಲ್ಲಿ ಸೋಲುತ್ತಾಳೆ, ಮರುದಿನ ಮಗು ಅಲ್ಲಿಂದಲೇ ಮಾತು ಆರಂಭಿಸುತ್ತದೆ.

ಜಾಗ ಮತ್ತು ಹೊತ್ತಿನ ನಿಯಮ ಬೇರೆ ರೀತಿಯದು. ಊಟದ ತಟ್ಟೆಯ ಮುಂದೆ ಮೊಬೈಲ್ ಇಲ್ಲ, ಹಾಸಿಗೆಯ ಮೇಲೆ ಇಲ್ಲ, ಬಚ್ಚಲು ಶೌಚಾಲಯದೊಳಗೆ ಇಲ್ಲ, ರಾತ್ರಿ ಒಂಬತ್ತೂವರೆಯ ನಂತರ ಯಾರ ಕೈಯಲ್ಲೂ ಇಲ್ಲ. ಇಲ್ಲಿ ಎಣಿಸುವ ಕೆಲಸವಿಲ್ಲ. ನಿಯಮ ಮುರಿದದ್ದು ಕಣ್ಣಿಗೆ ಕಾಣುತ್ತದೆ, ಮಗುವೂ ದೊಡ್ಡವರನ್ನು ಹಿಡಿದು ಕೇಳಬಹುದು. ಇದರ ಕಷ್ಟವೂ ಅದೇ: ದೊಡ್ಡವರು ಪಾಲಿಸದಿದ್ದರೆ ಒಂದು ದಿನವೂ ನಿಲ್ಲುವುದಿಲ್ಲ.

ಊಟದ ವಿಷಯದಲ್ಲಿ ನಮ್ಮ ಮನೆಯಲ್ಲಿ ನಡೆದದ್ದನ್ನು ಹೇಳಬೇಕು. ಮಗನಿಗೆ ಎರಡು ವರ್ಷವಿದ್ದಾಗಿನಿಂದ ಅನ್ನ ತಿನ್ನಿಸುವಾಗ ಕಾರ್ಟೂನ್ ಹಾಕುವುದು ನಮಗೆ ರೂಢಿಯಾಗಿತ್ತು. ತುತ್ತು ಹತ್ತಿರ ಬಂದಾಗ ಬಾಯಿ ತಾನಾಗಿ ತೆರೆಯುತ್ತಿತ್ತು, ಕಣ್ಣು ಮಾತ್ರ ಪರದೆಯಿಂದ ಕದಲುತ್ತಿರಲಿಲ್ಲ. ಅನ್ನ ಕೆನ್ನೆಯಲ್ಲೇ ಉಳಿದು, ಹಾಡು ಬದಲಾದಾಗ ಮಾತ್ರ ಒಮ್ಮೆ ಅಗಿಯುತ್ತಿದ್ದ. ನಾಲ್ಕನೆಯ ವರ್ಷದಲ್ಲಿ ಒಂದು ದಿನ ಕರೆಂಟ್ ಹೋಗಿ, ಫೋನಿನ ಚಾರ್ಜೂ ಮುಗಿದಾಗ ತಟ್ಟೆಯನ್ನು ನೋಡಿ "ಇದು ಏನು?" ಎಂದು ಕೇಳಿದ. ತಟ್ಟೆಯಲ್ಲಿದ್ದದ್ದು ಅವನು ವಾರಕ್ಕೆ ಮೂರು ಸಲ ತಿನ್ನುತ್ತಿದ್ದ ಬೆಂಡೆಕಾಯಿ ಪಲ್ಯ. ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಮರುದಿನದಿಂದ ಊಟಕ್ಕೆ ಮೊಬೈಲ್ ನಿಲ್ಲಿಸಿದೆವು. ಮೊದಲ ಮೂರು ದಿನ ಅತ್ತ, ಅರ್ಧ ಹೊಟ್ಟೆಯಲ್ಲೇ ಎದ್ದ. ಅತ್ತೆಯವರಿಗೆ ತಡೆಯಲಾಗದೆ ಕಣ್ಣೀರು ಬಂತು. ಒಂಬತ್ತನೆಯ ದಿನ ತಾನೇ ಕೈಯಿಂದ ದೋಸೆ ಮುರಿದು ಚಟ್ನಿಗೆ ಅದ್ದಿದ. ಎಲ್ಲ ಮಕ್ಕಳಿಗೂ ಒಂಬತ್ತು ದಿನ ಸಾಕು ಎಂದು ನಾನು ಹೇಳಲಾರೆ, ಆದರೆ ಎರಡು ವಾರ ಗಟ್ಟಿಯಾಗಿ ನಿಲ್ಲದೆ ಈ ದಾರಿ ಫಲ ಕೊಡುವುದಿಲ್ಲವೆಂದು ತಿಳಿದುಕೊಂಡೇ ಆರಂಭಿಸಬೇಕು.

ಹಾಸಿಗೆಯ ನಿಯಮಕ್ಕೆ ಕಾರಣ ದೇಹದಲ್ಲೇ ಇದೆ. ಕತ್ತಲಾದಂತೆ ನಿದ್ರೆ ತರುವ ಮೆಲಟೋನಿನ್ ಎಂಬ ಹಾರ್ಮೋನು ಸ್ರವಿಸುವುದನ್ನು ಕಣ್ಣಿಗೆ ಹತ್ತಿರ ಹಿಡಿದ ಪರದೆಯ ಬೆಳಕು ತಡಮಾಡುತ್ತದೆ. ಅದರ ಜೊತೆಗೆ, ಒಂದು ಮುಗಿಯುವ ಮೊದಲೇ ಇನ್ನೊಂದು ಬರುವ ವಿಡಿಯೊಗಳಿಂದಲೂ ಗೆಳತಿಯರ ಸಂದೇಶಗಳಿಂದಲೂ ಮನಸ್ಸು ಎಚ್ಚರವಾಗಿಯೇ ಇರುತ್ತದೆ. ಪ್ರತ್ಯೇಕ ಕೋಣೆಗಳಿಲ್ಲದ ಮನೆಯಲ್ಲಿ ಮೊಬೈಲ್ ಎಲ್ಲಿ ಇಡುವುದು ಎಂಬುದು ನಮಗೆ ದೊಡ್ಡ ಪ್ರಶ್ನೆಯಾಗಿತ್ತು. ಕೊನೆಗೆ ಫ್ರಿಜ್ಜಿನ ಮೇಲೆ ಒಂದು ಸ್ಟೀಲ್ ತಟ್ಟೆ ಇಟ್ಟು, ಎಕ್ಸ್‌ಟೆನ್ಶನ್ ಬೋರ್ಡಿನಿಂದ ನಾಲ್ಕು ಚಾರ್ಜರ್ ಎಳೆದೆವು. ಬೆಳಿಗ್ಗೆ ಏಳಲು ಅಲಾರಂ ಬೇಕು ಎಂಬ ಮಾತು ಮನೆಯವರಿಂದಲೂ ಮಗಳಿಂದಲೂ ಬಂದಾಗ ಸ್ಟೇಷನ್ ಹತ್ತಿರದ ಅಂಗಡಿಯಿಂದ ಒಂದು ಅಲಾರಂ ಗಡಿಯಾರ ತಂದೆ. ಹೋಟೆಲಿನಿಂದಲೋ ಊರಿನಿಂದಲೋ ತುರ್ತು ಕರೆ ಬಂದರೆ ರಿಂಗ್ ಕೇಳಿಸುತ್ತದೆ, ಎದ್ದು ಹೋಗಿ ಅಲ್ಲಿಯೇ ನಿಂತು ಮಾತನಾಡುತ್ತೇವೆ. ನನ್ನ ಅನುಭವದಲ್ಲಿ ಯಾವ ಆ್ಯಪ್‌ಗಿಂತಲೂ ಆ ತಟ್ಟೆ ಹೆಚ್ಚು ಕೆಲಸ ಮಾಡಿದೆ.

ಹೊತ್ತಿನ ನಿಯಮವನ್ನು ಒಂದು ಊರೇ ಪಾಲಿಸಿದ ಉದಾಹರಣೆ ನಮ್ಮ ಮಹಾರಾಷ್ಟ್ರದಲ್ಲೇ ಇದೆ. ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ್ ಎಂಬ ಹಳ್ಳಿಯಲ್ಲಿ 2022ರಿಂದ ಸಂಜೆ ಏಳಕ್ಕೆ ದೇವಸ್ಥಾನದಿಂದ ಸೈರನ್ ಕೂಗುತ್ತದೆ. ಎಂಟೂವರೆಯವರೆಗೆ ಮನೆಮನೆಯಲ್ಲಿ ಟಿವಿ, ಮೊಬೈಲ್ ಬಂದ್. ಎಲ್ಲರ ಮನೆಯಲ್ಲೂ ಒಟ್ಟಿಗೆ ನಿಲ್ಲುವುದರಿಂದ "ಅವರ ಮನೆಯಲ್ಲಿ ಕೊಡುತ್ತಾರೆ" ಎಂಬ ಮಾತಿಗೆ ಅಲ್ಲಿ ಅವಕಾಶವಿಲ್ಲ. ನಗರದಲ್ಲಿ ಸೈರನ್ ಸಾಧ್ಯವಿಲ್ಲ, ಆದರೆ ಒಂದೇ ಬಿಲ್ಡಿಂಗಿನ ಮೂರು ನಾಲ್ಕು ಮನೆಯವರು ಮಾತಾಡಿಕೊಂಡು ಒಂದೇ ಹೊತ್ತನ್ನು ಗೊತ್ತುಮಾಡಬಹುದು. ನಮ್ಮ ಮಹಡಿಯ ಎರಡು ಮರಾಠಿ ಮನೆಯವರೊಂದಿಗೆ ಸಂಜೆ ಆರರಿಂದ ಏಳೂವರೆ ಎಂದು ಒಪ್ಪಿಕೊಂಡ ಮೇಲೆ ಮಕ್ಕಳು ಕಾಂಪೌಂಡಿಗೆ ತಾವಾಗಿಯೇ ಇಳಿಯತೊಡಗಿದರು.

ಆರು ವರ್ಷದೊಳಗಿನವರಿಗೆ ಎರಡೂ ನಿಯಮ ಸೇರಿಸಿ, ಅದಕ್ಕಿಂತ ದೊಡ್ಡವರಿಗೆ ಜಾಗ ಮತ್ತು ಹೊತ್ತಿನ ನಿಯಮವನ್ನೇ ಮುಖ್ಯವಾಗಿಟ್ಟುಕೊಳ್ಳಿ ಎಂಬುದು ನನ್ನ ಸಲಹೆ.

ಯಾವ ಪರದೆ?

ಎಷ್ಟು ಹೊತ್ತು ಎಂದು ಚರ್ಚಿಸುವವರು ಯಾವ ಪರದೆ ಎಂಬುದನ್ನು ಹೆಚ್ಚಾಗಿ ಮರೆಯುತ್ತಾರೆ. ಹಾಲ್‌ನಲ್ಲಿರುವ ಟಿವಿ, ತಂದೆತಾಯಿಯ ಫೋನ್, ಮನೆಯಲ್ಲಿ ಉಳಿದ ಹಳೆಯ ಫೋನ್, ಮಗುವಿಗೆಂದೇ ಕೊಂಡ ಸ್ಮಾರ್ಟ್‌ಫೋನ್, ಬರಿಯ ಕೀಪ್ಯಾಡ್ ಫೋನ್ ಇವೆಲ್ಲ ಒಂದೇ ಅಲ್ಲ.

ಚಿಕ್ಕ ಮಕ್ಕಳಿಗೆ ನಾನು ಟಿವಿಯನ್ನೇ ಆರಿಸುತ್ತೇನೆ. ಅದು ದೂರದಲ್ಲಿರುತ್ತದೆ, ಏನು ನಡೆಯುತ್ತಿದೆ ಎಂಬುದು ಅಡುಗೆಮನೆಯಲ್ಲಿದ್ದವರಿಗೂ ಕೇಳಿಸುತ್ತದೆ, ಅಜ್ಜ ಪಕ್ಕದಲ್ಲಿ ಕುಳಿತು "ಆ ಆನೆ ಯಾಕೆ ಅಳುತ್ತಿದೆ?" ಎಂದು ಕೇಳಬಹುದು. ಮಗು ಅದನ್ನು ಹೊದಿಕೆಯೊಳಗೆ ಕೊಂಡುಹೋಗಲಾರದು. ಸ್ಮಾರ್ಟ್ ಟಿವಿಯಲ್ಲಿ ಯೂಟ್ಯೂಬ್ ಹಾಕುವವರು ಮುಂದಿನ ವಿಡಿಯೊ ತಾನಾಗಿ ಓಡುವ ಆಟೋಪ್ಲೇ ವ್ಯವಸ್ಥೆಯನ್ನು ಆಫ್ ಮಾಡಬೇಕು. ಯಾರೂ ನೋಡದಿದ್ದರೂ ಟಿವಿ ದಿನವಿಡೀ ಓಡುತ್ತಿರುವ ಮನೆಗಳಲ್ಲಿ ಈ ಲಾಭ ಸಿಗುವುದಿಲ್ಲ.

ತಂದೆತಾಯಿಯ ಫೋನ್ ಕೊಡುವುದು ಮುಂಬಯಿಯಲ್ಲಿ ಅತಿ ಸಾಮಾನ್ಯ. ಬೇಕೆಂದಾಗ ಹಿಂದೆ ಪಡೆಯಬಹುದು ಎಂಬುದು ಅದರ ಒಳ್ಳೆಯ ಗುಣ. ಆದರೆ ಅದೇ ಫೋನಿನಲ್ಲಿ ಬ್ಯಾಂಕಿನ ಒಟಿಪಿ, ಯುಪಿಐ, ಆಫೀಸಿನ ಗುಂಪು ಎಲ್ಲ ಇರುತ್ತದೆ, ಮತ್ತು ಯೂಟ್ಯೂಬ್ ತೋರಿಸುವ ವಿಡಿಯೊಗಳು ದೊಡ್ಡವರು ಹಿಂದೆ ನೋಡಿದ್ದನ್ನು ಅನುಸರಿಸಿ ಬರುತ್ತವೆ. ಹೀಗೆ ಕೊಡಲೇಬೇಕಾದಾಗ ಆ್ಯಂಡ್ರಾಯ್ಡ್ ಫೋನಿನ ಸೆಕ್ಯುರಿಟಿ ವಿಭಾಗದಲ್ಲಿರುವ ಆ್ಯಪ್ ಪಿನ್ನಿಂಗ್ ಅಥವಾ ಐಫೋನಿನ ಗೈಡೆಡ್ ಆ್ಯಕ್ಸೆಸ್ ಬಳಸಿ, ಹೊರಬರಲು ಪಿನ್ ಕೇಳುವಂತೆ ಇಟ್ಟರೆ ಮಗು ಒಂದು ಆ್ಯಪ್ ಬಿಟ್ಟು ಇನ್ನೊಂದಕ್ಕೆ ಹೋಗಲು ನಿಮ್ಮ ಪಿನ್ ಬೇಕಾಗುತ್ತದೆ.

ಹಳೆಯ ಫೋನನ್ನು "ಸಿಮ್ ಇಲ್ಲವಲ್ಲ" ಎಂದು ಮಗುವಿಗೆ ಕೊಟ್ಟುಬಿಡುವುದನ್ನು ನಾನು ಈ ಆಯ್ಕೆಗಳಲ್ಲೆಲ್ಲ ಕೊನೆಯ ಸ್ಥಾನದಲ್ಲಿಡುತ್ತೇನೆ. ವೈಫೈ ಸಿಕ್ಕರೆ ಅದು ಪೂರ್ಣ ಪ್ರಮಾಣದ ಫೋನೇ. ಅದರಲ್ಲಿ ಇನ್ನೂ ದೊಡ್ಡವರ ಖಾತೆಯೇ ತೆರೆದಿರುತ್ತದೆ. ಅದು ಯಾರ ಗಮನಕ್ಕೂ ಬಾರದೆ ಮನೆಯ ಮೂಲೆಯಲ್ಲಿರುತ್ತದೆ. ಕೊಡುವುದೇ ಆದರೆ ಪೂರ್ತಿ ಅಳಿಸಿ, ಮಗುವಿನ ಹೆಸರಿನ ಖಾತೆ ತೆರೆದು, ಫ್ರಿಜ್ಜಿನ ಮೇಲಿನ ತಟ್ಟೆಯಲ್ಲಿ ಅದಕ್ಕೂ ಜಾಗ ಮಾಡಿ ಕೊಡಿ.

ಆರನೆಯ ಏಳನೆಯ ತರಗತಿಗೆ ಬಂದ ಮಗು ಒಬ್ಬಂಟಿಯಾಗಿ ಕ್ಲಾಸಿಗೋ ಲೋಕಲ್‌ನಲ್ಲಿ ಶಾಲೆಗೋ ಹೋಗತೊಡಗಿದಾಗ ಫೋನ್ ಬೇಕೆಂಬ ಮಾತು ಬರುತ್ತದೆ. ಮಳೆಗಾಲದಲ್ಲಿ ಗಾಡಿ ನಿಂತರೆ ಮಗು ಎಲ್ಲಿದೆ ಎಂಬ ಚಿಂತೆ ನಿಜವಾದದ್ದು, ಅದನ್ನು ಯಾರೂ ಹಗುರಾಗಿ ಕಾಣಬಾರದು. ಆದರೆ ಆ ಅಗತ್ಯಕ್ಕೆ ಕರೆ ಮಾಡುವ ಫೋನ್ ಸಾಕು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2024ರ ಡಿಸೆಂಬರ್‌ನಲ್ಲಿ ಹೊರಡಿಸಿದ ಆದೇಶದಿಂದಾಗಿ ಕಂಪನಿಗಳು ಡೇಟಾ ಇಲ್ಲದ, ಕರೆ ಮತ್ತು ಎಸ್ಎಂಎಸ್ ಮಾತ್ರ ಇರುವ ಪ್ಯಾಕ್‌ಗಳನ್ನು ಕೊಡಬೇಕಾಗಿದೆ. ಕೀಪ್ಯಾಡ್ ಫೋನಿಗೆ ಅಂಥ ರೀಚಾರ್ಜ್ ಹಾಕಿಸಿದರೆ ಮಗುವಿನ ಧ್ವನಿ ನಿಮಗೆ ಸಿಗುತ್ತದೆ, ದಿನಕ್ಕೆ ಒಂದೂವರೆ ಜಿಬಿ ಮುಗಿಸುವ ಒತ್ತಡ ಇರುವುದಿಲ್ಲ. ಕ್ಲಾಸಿನ ವಾಟ್ಸ್ಆ್ಯಪ್ ಗುಂಪು ತಾಯಿಯ ಫೋನಿನಲ್ಲಿರಲಿ. ಹೇಗೂ ವಾಟ್ಸ್ಆ್ಯಪ್, ಇನ್‌ಸ್ಟಾಗ್ರಾಂ ಎರಡೂ ತಮ್ಮ ನಿಯಮದಂತೆ ಹದಿಮೂರು ತುಂಬದವರು ತಾವಾಗಿ ಖಾತೆ ತೆರೆಯಲು ಬಿಡುವುದಿಲ್ಲ. ನಮ್ಮ ಮಗಳಿಗೆ ಎಂಟನೆಯ ತರಗತಿಯವರೆಗೆ ಕೀಪ್ಯಾಡ್ ಫೋನೇ ಇತ್ತು. ಗೆಳತಿಯರ ನಡುವೆ ಅವಳಿಗೆ ಅದರಿಂದ ಮುಜುಗರವಾಗಿತ್ತು ಎಂದು ನನಗೆ ಗೊತ್ತು, ಆ ನೋವನ್ನು ಕೇಳಿಸಿಕೊಂಡೆ, ಆದರೂ ನಿರ್ಧಾರ ಬದಲಿಸಲಿಲ್ಲ.

ಆ್ಯಪ್‌ಗಳು ಮಾಡುವುದೇನು, ಮಾಡದಿರುವುದೇನು

ಆ್ಯಂಡ್ರಾಯ್ಡ್ ಫೋನಿಗೆ ಗೂಗಲ್ ಫ್ಯಾಮಿಲಿ ಲಿಂಕ್ ಇದೆ, ಉಚಿತ. ಮಗುವಿನ ಹೆಸರಿನಲ್ಲಿ ಗೂಗಲ್ ಖಾತೆ ತೆರೆದು ನಿಮ್ಮ ಫೋನಿಗೆ ಜೋಡಿಸಿದರೆ ದಿನದ ಮಿತಿ, ಮಲಗುವ ಹೊತ್ತಿಗೆ ಬೀಗ, ಹೊಸ ಆ್ಯಪ್ ಹಾಕಲು ನಿಮ್ಮ ಅನುಮತಿ, ಫೋನ್ ಇರುವ ಜಾಗ ಇವಿಷ್ಟೂ ಸಿಗುತ್ತವೆ. ನಿಮ್ಮದು ಐಫೋನ್ ಆಗಿದ್ದರೂ ನಡೆಯುತ್ತದೆ. ಮಗುವಿಗೆ ಐಫೋನ್ ಅಥವಾ ಐಪ್ಯಾಡ್ ಇದ್ದರೆ 2018ರಿಂದ ಅದರೊಳಗೇ ಇರುವ ಸ್ಕ್ರೀನ್ ಟೈಮ್ ಎಂಬ ವ್ಯವಸ್ಥೆ ಇದೇ ಕೆಲಸ ಮಾಡುತ್ತದೆ, ಬೇರೆ ಪಾಸ್‌ಕೋಡ್ ಇಡುವುದನ್ನು ಮರೆಯಬಾರದು. ಎರಡರ ಮಿತಿಯೂ ಒಂದೇ: ಎಷ್ಟು ಹೊತ್ತು ಬಳಸಿದರು ಎಂದು ಹೇಳುತ್ತವೆಯೇ ಹೊರತು ವಾಟ್ಸ್ಆ್ಯಪ್‌ನಲ್ಲಿ ಯಾರು ಏನು ಬರೆದರು ಎಂಬುದನ್ನು ಓದುವುದಿಲ್ಲ. ಓದದಿರುವುದೇ ಸರಿ ಎಂದು ನನ್ನ ಅಭಿಪ್ರಾಯ. ಮಗುವಿಗೆ ತಿಳಿಯದಂತೆ ಸಂದೇಶಗಳನ್ನು ಕದ್ದು ಓದುವ ಆ್ಯಪ್‌ಗಳನ್ನು ದಯವಿಟ್ಟು ಹಾಕಬೇಡಿ. ಒಮ್ಮೆ ಗೊತ್ತಾದರೆ ಮಗು ನಿಮಗೆ ಏನನ್ನೂ ಹೇಳುವುದಿಲ್ಲ.

ಫ್ಯಾಮಿಲಿ ಲಿಂಕನ್ನೇ ನೆಚ್ಚಿ ನಾನು ಒಮ್ಮೆ ಎಡವಿದೆ. ಮಗಳಿಗೆ ಸ್ಮಾರ್ಟ್‌ಫೋನ್ ಕೊಟ್ಟ ವರ್ಷ ಫ್ರಿಜ್ಜಿನ ಮೇಲಿನ ತಟ್ಟೆ ಇನ್ನೂ ಇರಲಿಲ್ಲ. ರಾತ್ರಿ ಒಂಬತ್ತೂವರೆಗೆ ಅವಳ ಫೋನಿಗೆ ಬೀಗ ಬೀಳುವಂತೆ ಮಾಡಿ ಮೂರು ವಾರ ನೆಮ್ಮದಿಯಿಂದಿದ್ದೆ. ಆಮೇಲೆ ಮಾವನವರು, "ನನ್ನ ಫೋನ್ ರಾತ್ರಿ ಫುಲ್ ಚಾರ್ಜ್ ಮಾಡಿ ಇಟ್ಟರೂ ಬೆಳಿಗ್ಗೆ ವಾಕಿಂಗ್ ಹೊತ್ತಿಗೆ ಖಾಲಿಯಾಗಿರುತ್ತದೆ, ಬ್ಯಾಟರಿ ಹಾಳಾಗಿರಬೇಕು, ನೋಡಮ್ಮ" ಎಂದರು. ಬ್ಯಾಟರಿ ಚೆನ್ನಾಗಿಯೇ ಇತ್ತು. ಫೋನಿನಲ್ಲಿ ಏನಾದರೂ ತಿಳಿಯದಿದ್ದಾಗ ಮೊಮ್ಮಗಳನ್ನೇ ಕರೆಯುತ್ತಿದ್ದ ಅವರು ಪಿನ್ ಕೂಡ ಅವಳಿಗೆ ಹೇಳಿದ್ದರು. ಬೀಗ ಬಿದ್ದದ್ದು ಒಂದು ಫೋನಿಗೆ, ಮನೆಯಲ್ಲಿದ್ದವು ನಾಲ್ಕು. ಮಗಳನ್ನು ಗದರಿದೆ, ಆಮೇಲೆ ಮರುಗಿದೆ. ಎಲ್ಲ ಫೋನ್‌ಗಳೂ ಒಂದೇ ಜಾಗಕ್ಕೆ ಬರುವ ನಿಯಮ ಆರಂಭವಾದದ್ದು ಆ ವಾರ.

ಯೂಟ್ಯೂಬ್ ಮತ್ತು ಯೂಟ್ಯೂಬ್ ಕಿಡ್ಸ್ ನಡುವೆ ಆರಿಸುವುದಾದರೆ ಏಳೆಂಟು ವರ್ಷದವರೆಗೆ ಕಿಡ್ಸ್ ಆ್ಯಪ್ ಮೇಲು, ಆದರೆ ಹಾಕಿ ಹಾಗೆಯೇ ಬಿಟ್ಟರೆ ಸಾಲದು. ಹುಡುಕುವ ಸೌಲಭ್ಯವನ್ನು ಆಫ್ ಮಾಡಿ, ತಾವೇ ಆರಿಸಿದ ಚಾನೆಲ್‌ಗಳು ಮಾತ್ರ ಕಾಣುವಂತೆ ಇಡಲು ಅದರಲ್ಲಿ ಅವಕಾಶವಿದೆ, ಟೈಮರ್ ಕೂಡ ಇದೆ. ಅರ್ಧ ಗಂಟೆ ಕುಳಿತು ಕನ್ನಡದ ಕಥೆ, ಹಾಡುಗಳ ಚಾನೆಲ್‌ಗಳನ್ನು ಆರಿಸಿಟ್ಟರೆ, ಹಿಂದಿ ಮರಾಠಿ ಇಂಗ್ಲಿಷ್ ನಡುವೆ ಬೆಳೆಯುವ ಮಗುವಿನ ಕಿವಿಗೆ ನಮ್ಮ ಭಾಷೆಯೂ ಬೀಳುತ್ತದೆ.

ಇನ್‌ಸ್ಟಾಗ್ರಾಂ ಕೇಳುವ ಹದಿಹರೆಯದವರಿಗೆ 2025ರ ಫೆಬ್ರವರಿಯಿಂದ ಭಾರತದಲ್ಲಿ ಟೀನ್ ಅಕೌಂಟ್ ವ್ಯವಸ್ಥೆ ಬಂದಿದೆ. ಖಾತೆ ಮೊದಲಿನಿಂದಲೇ ಖಾಸಗಿಯಾಗಿರುತ್ತದೆ, ದಿನಕ್ಕೆ ಅರವತ್ತು ನಿಮಿಷವಾದಾಗ ಎಚ್ಚರಿಕೆ ಬರುತ್ತದೆ, ರಾತ್ರಿ ಹತ್ತರಿಂದ ಬೆಳಿಗ್ಗೆ ಏಳರವರೆಗೆ ಸೂಚನೆಗಳ ಸದ್ದಿರುವುದಿಲ್ಲ, ಹದಿನಾರರೊಳಗಿನವರು ಇದನ್ನು ಸಡಿಲಿಸಲು ತಂದೆತಾಯಿಯ ಒಪ್ಪಿಗೆ ಬೇಕು. ಇದೆಲ್ಲ ನಿಂತಿರುವುದು ಹುಟ್ಟಿದ ವರ್ಷ ಸರಿಯಾಗಿ ಹಾಕಿದ್ದಾರೆಯೇ ಎಂಬುದರ ಮೇಲೆ. ಆದ್ದರಿಂದ ಖಾತೆ ತೆರೆಯುವಾಗ ಪಕ್ಕದಲ್ಲಿ ಕುಳಿತುಕೊಳ್ಳಿ. ಆಟಗಳ ವಿಷಯದಲ್ಲಿ, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಕಾನೂನು ನಿಷೇಧಿಸಿದ್ದರೂ, ಉಳಿದ ಆಟಗಳೊಳಗೆ ಬಂದೂಕು, ಬಟ್ಟೆ, ನಾಣ್ಯ ಮಾರುವುದು ನಿಂತಿಲ್ಲ. ಪ್ಲೇ ಸ್ಟೋರ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಇಡಬೇಕು. ಮೋಸದಿಂದ ಹಣ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ನಿಷೇಧವೋ, ಒಪ್ಪಂದವೋ

ಹದಿನಾರು ತುಂಬದವರಿಗೆ ಸಾಮಾಜಿಕ ಜಾಲತಾಣಗಳ ಖಾತೆಯೇ ಇರಬಾರದೆಂಬ ಕಾನೂನು ಆಸ್ಟ್ರೇಲಿಯದಲ್ಲಿ 2025ರ ಡಿಸೆಂಬರ್ 10ರಿಂದ ಜಾರಿಯಾಗಿದೆ. ಇದನ್ನು ಓದಿ ನಮ್ಮಲ್ಲೂ ಹಲವರು ಪೂರ್ತಿ ಬಂದ್ ಮಾಡುವ ಮಾತಾಡುತ್ತಾರೆ. ಸರ್ಕಾರ ಎಲ್ಲ ಮಕ್ಕಳಿಗೂ ಒಟ್ಟಿಗೆ ಹೇಳುವುದು ಬೇರೆ, ಒಂದು ಮನೆಯಲ್ಲಿ ಒಂದು ಮಗುವಿಗೆ ಮಾತ್ರ ಹೇಳುವುದು ಬೇರೆ. ಒಬ್ಬಳಿಗೆ ಮಾತ್ರ ಬಾಗಿಲು ಮುಚ್ಚಿದರೆ ಅವಳು ಗೆಳತಿಯ ಫೋನಿನಲ್ಲಿ ಇನ್ನೊಂದು ಹೆಸರಿನಿಂದ ಖಾತೆ ತೆರೆಯುವ ಸಂಭವವಿದೆ, ಅಲ್ಲಿ ಕೆಟ್ಟದ್ದೇನಾದರೂ ಆದರೆ ಮನೆಗೆ ಬಂದು ಹೇಳಲೂ ಆಗದು. ಹತ್ತು ವರ್ಷದವರೆಗೆ "ಬೇಡ" ಎಂಬ ಮಾತು ಸಾಕು. ಹದಿಮೂರರ ನಂತರ ಒಪ್ಪಂದವೇ ಬಾಳುವುದು ಎಂದು ನಾನು ನಂಬಿದ್ದೇನೆ.

ನಮ್ಮ ಒಪ್ಪಂದವನ್ನು ಮಗಳೇ ನೋಟ್‌ಬುಕ್ಕಿನ ಹಾಳೆಯಲ್ಲಿ ಬರೆದಳು. ನಾವು ಕೇಳಿದ ಅಂಶಗಳ ಕೆಳಗೆ ಅವಳದ್ದೊಂದು ಸೇರಿತು: "ಅಪ್ಪ ಊಟಕ್ಕೆ ಕುಳಿತಾಗ ಫೋನ್ ನೋಡಬಾರದು." ಮನೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು ಸಹಿ ಹಾಕಿದರು. ಪರೀಕ್ಷೆಯ ಸಮಯದಲ್ಲಿ ಏನು, ರಜೆಯಲ್ಲಿ ಊರಿಗೆ ಹೋದಾಗ ಏನು ಎಂದೂ ಬರೆದಿದ್ದೇವೆ, ತಿಂಗಳ ಮೊದಲ ಭಾನುವಾರ ಓದಿ ಬೇಕಾದುದನ್ನು ತಿದ್ದುತ್ತೇವೆ. ಅದರಲ್ಲಿ ಒಂದು ಅಂಶವನ್ನು ಪ್ರತಿ ಮನೆಯವರೂ ಸೇರಿಸಬೇಕೆಂದು ಕೈಮುಗಿದು ಕೇಳುತ್ತೇನೆ: ಯಾರಾದರೂ ಕೆಟ್ಟ ಚಿತ್ರ ಕಳಿಸಿದರೆ, ಚಿತ್ರ ಕೇಳಿದರೆ, ಹೆದರಿಸಿದರೆ ನಮಗೆ ಹೇಳಬೇಕು, ಹಾಗೆ ಹೇಳಿದ ಕಾರಣಕ್ಕೆ ಫೋನ್ ಕಿತ್ತುಕೊಳ್ಳುವುದಿಲ್ಲ. ಫೋನ್ ಹೋಗುತ್ತದೆ ಎಂಬ ಭಯದಿಂದಲೇ ಎಷ್ಟೋ ಮಕ್ಕಳು ಬಾಯಿ ಬಿಡುವುದಿಲ್ಲ. ಮಕ್ಕಳ ಸಹಾಯವಾಣಿ 1098 ಎಂಬುದನ್ನೂ ಆ ಹಾಳೆಯ ಮೇಲೆಯೇ ಬರೆದಿದ್ದೇವೆ.

ಬದಲಿಗೆ ಏನು ಕೊಡುತ್ತೇವೆ ಎಂಬುದೂ ಒಪ್ಪಂದದ ಭಾಗವೇ. ಹೊರಗಿನ ಬೆಳಕಿನಲ್ಲಿ ಆಡುವ ಮಕ್ಕಳಲ್ಲಿ ದೂರದ್ದು ಮಸುಕಾಗಿ ಕಾಣುವ ಸಮೀಪದೃಷ್ಟಿ ಕಡಿಮೆ ಎಂಬುದನ್ನು ಕಣ್ಣಿನ ವೈದ್ಯರು ಕಂಡುಕೊಂಡಿದ್ದಾರೆ, ಆದ್ದರಿಂದ ಕಾಂಪೌಂಡಿನ ಕ್ರಿಕೆಟ್ ಕಣ್ಣಿಗೂ ಔಷಧ. ಮಳೆಗಾಲಕ್ಕೆ ಬೇರೆ ಯೋಜನೆ ಬೇಕು. ಮುಂಬಯಿಯ ಕನ್ನಡ ಮತ್ತು ತುಳು ಸಂಘಗಳಲ್ಲಿ ಮಕ್ಕಳ ಯಕ್ಷಗಾನ, ಭಜನೆ, ನಾಟಕದ ತರಬೇತಿಗಳು ನಡೆಯುತ್ತವೆ, ನಿಮ್ಮ ಹತ್ತಿರದ ಸಂಘದಲ್ಲಿ ವಿಚಾರಿಸಿ. ಚೆಂಡೆಯ ಪೆಟ್ಟಿಗೆ ಹೆಜ್ಜೆ ಹಾಕಿ ಬಂದ ದಿನ ಮಗ ಒಂಬತ್ತಕ್ಕೆ ಮುಂಚೆಯೇ ನಿದ್ದೆ ಹೋಗುತ್ತಾನೆ.

ಇವು ಯಾವುದೂ ಸಾಲದಾದಾಗ

ಫೋನ್ ತೆಗೆದುಕೊಂಡಾಗ ಒಂದು ಗಳಿಗೆ ಅಳುವುದು ಸಹಜ. ಆದರೆ ವಾರಗಟ್ಟಲೆ ನಿದ್ರೆ ಕೆಟ್ಟು, ಊಟ ಬಿಟ್ಟು, ಶಾಲೆಗೆ ಹೋಗಲು ಒಲ್ಲದೆ, ಮೊದಲು ಇಷ್ಟಪಡುತ್ತಿದ್ದ ಆಟ ಮತ್ತು ಗೆಳೆಯರನ್ನೂ ದೂರಮಾಡಿ, ತಡೆದರೆ ಹೊಡೆಯುವ ಮಟ್ಟಕ್ಕೆ ಬಂದರೆ ಮನೆಯ ನಿಯಮಗಳಲ್ಲಿ ಯಾವುದು ಒಳ್ಳೆಯದೆಂದು ಹೋಲಿಸುತ್ತ ಕೂರಬಾರದು. ವಿಶ್ವ ಆರೋಗ್ಯ ಸಂಸ್ಥೆ ಗೇಮಿಂಗ್ ಡಿಸಾರ್ಡರನ್ನು ಕಾಯಿಲೆಗಳ ಪಟ್ಟಿಯಲ್ಲೇ ಸೇರಿಸಿದೆ, ಅದಕ್ಕೆ ಚಿಕಿತ್ಸೆಯೂ ಇದೆ. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲಿಯೇ ಇದಕ್ಕೆಂದು ಶಟ್ ಎಂಬ ಕ್ಲಿನಿಕ್ ಆರಂಭಿಸಿತು. ಇಲ್ಲಿ ಪರೇಲಿನ ಕೆಇಎಂ, ಮುಂಬಯಿ ಸೆಂಟ್ರಲ್ ಬಳಿಯ ನಾಯರ್, ಸಯನ್ ಈ ಮೂರೂ ಮಹಾನಗರಪಾಲಿಕೆ ಆಸ್ಪತ್ರೆಗಳಲ್ಲಿ ಮನೋವೈದ್ಯಕೀಯ ವಿಭಾಗವಿದೆ. ಕೇಸ್ ಪೇಪರ್, ಅಂದರೆ ಆಸ್ಪತ್ರೆಯ ನೋಂದಣಿ ಚೀಟಿ, ಮಾಡಿಸಿ ಹೋಗಬಹುದು. ಮನೆಯಿಂದಲೇ ಮಾತನಾಡಬೇಕೆನಿಸಿದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು.

ವೈದ್ಯರಲ್ಲಿಗೆ ಹೋಗುವ ಮೊದಲು ಒಂದು ವಾರ ಮಗು ಮಲಗಿದ ಮತ್ತು ಎದ್ದ ಹೊತ್ತು, ಶಾಲೆಗೆ ಹೋಗದ ದಿನ, ಜಗಳವಾದ ಸಂದರ್ಭ ಇವನ್ನು ಬರೆದಿಟ್ಟುಕೊಂಡು ಹೋಗಿ. ಶಾಲೆಯಲ್ಲಿ ಯಾರಾದರೂ ಕಾಡುತ್ತಿರುವುದು, ಓದು ತಲೆಗೆ ಹತ್ತದಿರುವುದು, ಮನೆಯೊಳಗಿನ ಕಲಹ ಇಂಥ ಬೇರೊಂದು ನೋವಿನಿಂದ ತಪ್ಪಿಸಿಕೊಳ್ಳಲು ಮಗು ಮೊಬೈಲಿನೊಳಗೆ ಸೇರಿಕೊಂಡಿರಬಹುದು, ಅದನ್ನು ನಮ್ಮೆದುರು ಅದು ಹೇಳಲಾರದು. ವೈದ್ಯರು ಮಗುವಿನ ಜೊತೆ ಒಂಟಿಯಾಗಿ ಮಾತನಾಡುತ್ತೇನೆ ಎಂದಾಗ ಎದ್ದು ಹೊರಗೆ ಬೆಂಚಿನ ಮೇಲೆ ಕುಳಿತುಕೊಳ್ಳಿ, ಮಗು ಹೊರಗೆ ಬಂದ ಮೇಲೆ ಒಳಗೆ ಏನು ಹೇಳಿದೆ ಎಂದು ದಾರಿಯುದ್ದಕ್ಕೂ ಕೇಳಬೇಡಿ.